ಹಳಸಿದ ತೌಡು

ಪಶು ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಪಕ್ಕ ಹಂದಿ ಸಾಕುವ ಅತ್ತಿಗೆ-ನಾದಿನಿ ಕೂತಿದ್ದರು. ಅತ್ತಿಗೆಯ ಕೈಯಲ್ಲಿ ಡಾಕ್ಟರು ಬರೆದುಕೊಟ್ಟ ತಪಾಸಣೆಯ ಚೀಟಿ ಇತ್ತು.

“‘ಹಂದಿಗೆ ಹಳಸಿದ ತೌಡು’ ಅಂತ ಬರೆದಿದ್ದಾರೆ ಕಣೇ. ಇದನ್ನ ನೋಡಿದ್ರೆ ಮಾಂಸದಂಗಡಿಯವರು ಕೊಳ್ತಾರಾ?”

“ಹಳಸಿದ್ದಲ್ಲ, ಹುದುಗು ಬರಿಸಿದ್ದು ಅನ್ನಬೇಕಿತ್ತು ಅತ್ತಿಗೆ. ಅದರ ಜೀವಾಣು ಕರುಳಿಗೆ ಒಳ್ಳೇದು, ಮರಿಗಳ ಭೇದಿ ನಿಂತಿದ್ದೇ ಅದರಿಂದ ಅಂತ.”

“ನಾನು ಬಾಯಿ ಬಿಡೋಷ್ಟರಲ್ಲಿ ಡಾಕ್ಟರು ತೌಡಿನ ವಾಸನೆಗೆ ಮೂಗು ಮುಚ್ಕೊಂಡ್ರು.”

“ಮಾಂಸ ಮೆತ್ತಗಿದೆ, ನೀರು ಬಿಡಲ್ಲ ಅಂತ ಅಂಗಡಿಯವರೇ ಹೊಗಳಿದ್ರಲ್ಲ?”

“ಅದನ್ನೂ ಹೇಳ್ದೆ. ‘ನಿನಗೇನಮ್ಮ ಗೊತ್ತು’ ಅಂದ್ರು ಡಾಕ್ಟರು.”

“ಓಹೋ! ಅವರ ಮನೇಲಿ ಮೊಸರಿಗೆ ಹಳಸಿದ ಹಾಲು ಅಂತಾರಂತಾ?”

“ಮೆಲ್ಲಗೆ ಕಣೇ, ಕೇಳಿಸುತ್ತೆ!”

“ಕೇಳಿಸ್ಲಿ ಅಂತಲೇ ಹೇಳ್ತಿರೋದು.”

ಚೀಟಿಗೆ ಮೊಹರು ಹಾಕಿಸಿಕೊಳ್ಳಲು ಒಳಗಿನಿಂದ ಅವರಿಗೆ ಕರೆ ಬಂತು. ನಾದಿನಿ ಚೀಟಿ ಕಿತ್ತುಕೊಂಡು ಎದ್ದಳು.

“ನೀವು ಬಾಗಿಲಿಗೆ ಅಡ್ಡ ನಿಂತ್ಕೊಳ್ಳಿ. ಆ ಪದ ತಿದ್ದೋವರೆಗೂ ಡಾಕ್ಟರು ಊಟಕ್ಕೆ ಹೋಗಕೂಡದು.”