ಮಾವ ಕೊಟ್ಟ ಟೈರು

ಒಂದೇ ಡೈಲಾಗಿಗೆ ಓಡುವ ಕಾರನ್ನು ನಿಲ್ಲಿಸುವ ಗಂಡು ನಾನು, ಗೊತ್ತಿರಲಿ. ಮೊನ್ನೆ ಕಪನೂರಿನಲ್ಲಿ ಬೈಕಿನ ಪಂಕ್ಚರ್ ಹಾಕಿಸಲು ನಿಂತಿದ್ದೆ. ಅಮೋಘಸಿದ್ದ ಎಂಬುವವನು ಕಾರು ತಂದು, ಅಂಗಡಿಯ ಅಣವೀರಪ್ಪನವರಿಗೆ ಮುಂದಿನ ಟೈರು ತೋರಿಸಿದ.

"ಹವಾ ಹಿಡೀರಿ ಅಣ್ಣಾರ. ಟೈರಿನ ಬಟನ್ ನೋಡ್ರಿ, ಒಂಚೂರೂ ಸವದಿಲ್ಲ, ಹೊಸಾದು ಇದ್ದಂಗದ."

"ಬಾಜೂಕಿನ ನಂಬರ್ ಓದು."

"ಎರಡು, ಎರಡು, ಒಂದು, ನಾಲ್ಕು."

"ತಯಾರಾಗಿದ್ದು ಹದಿನಾಲ್ಕನೇ ಇಸ್ವಿ, ಇಪ್ಪತ್ತೆರಡನೇ ವಾರ. ರಬ್ಬರ್ ಸೀಳ್ಯಾದ ನೋಡು."

"ಒಂದಿನಾನೂ ಓಡಿಸಿಲ್ರೀ. ನಮ್ಮ ಮಾವ ಕೌದಿ ಹೊಚ್ಚಿ ಇಟ್ಟಿದ್ದ."

"ಕೌದಿ ಹೊಚ್ಚಿದ್ರ ವಯಸ್ಸು ನಿಲ್ತದೇನೋ? ಒಳಗ ಯಾರ ಕುಂತಾರ?"

"ನನ್ನ ಹೇಣ್ತಿ ಗುರುದೇವಿ. ಎಂಟು ತಿಂಗಳಾಗ್ಯಾದ. ಕಮಲಾಪುರಕ್ಕ ತವರಿಗೆ ಬಿಡ್ಲಾಕ ಹೊಂಟೀನಿ."

"ಮತ್ತ ಹೊಸಾದು ಹಾಕ್ಸಪಾ. ಇಲ್ಲಾಂದ್ರ ಆಕೀನ್ನ ಬಸ್ಸಿಗಿ ಕಳಸು."

"ಮಾವ ಬಾಗಲ್ದಾಗ ನಿಂತು ಮೊದಲು ಟೈರೇ ನೋಡ್ತಾನ್ರೀ. ಕೊಟ್ಟಿದ್ದು ಬಿಚ್ಚಿ ಒಗದೀನಂದ್ರ ಜನ್ಮ ಪೂರ್ತಿ ಆಡ್ಕೋತಾನ."

ಅಣವೀರಪ್ಪ ಹವಾ ಹಿಡಿದರು.

"ನಲವತ್ತರ ಮ್ಯಾಲ ಓಡಸಬ್ಯಾಡ."

"ಆಯ್ತ್ರೀ."

ಖರೇ ಹೇಳುತ್ತೇನೆ, ನಾನು ತುಟಿ ಬಿಚ್ಚಲಿಲ್ಲ. ಅವನು ಹಾರ್ನ್ ಹೊಡೆದ. ಅಡ್ಡ ನಿಂತಿದ್ದ ನನ್ನ ಬೈಕನ್ನು ನಾನೇ ಸರಿಸಿ ದಾರಿ ಬಿಟ್ಟೆ.