ಅಣ್ಣನ ಗಾಡಿಯ ಟ್ಯಾಂಕು

ಮೆಲ್ಲಗೆ ಹೇಳ್ತೀನಿ, ಮಕ್ಕಳು ಮಲಗಿದಾರೆ. ಇದು ಯಾರೋ ಕಟ್ಟಿದ್ದಲ್ಲ. ನಮ್ಮ ದೊಡ್ಡಮ್ಮನ ಕಿರಿಮಗ, ಗ್ಯಾರೇಜು ಇಟ್ಟಿದಾನಲ್ಲ, ಅವನಿಗೇ ಆಗಿದ್ದು.

ಅವನಿಗೂ ಅವನ ಅಣ್ಣನಿಗೂ ಆರು ವರ್ಷದಿಂದ ಮಾತಿರಲಿಲ್ಲ. ಅಪ್ಪನ ಮೋಟಾರ್ ಸೈಕಲ್ಲು ಯಾರಿಗೆ ಅನ್ನೋದೇ ಜಗಳ. ಗಾಡಿ ಅಣ್ಣನ ಪಾಲಾಯಿತು. ಆಮೇಲೆ ಒಂದು ದಿನ ಅಣ್ಣ ಎದೆನೋವು ಬಂದು ಹೋಗಿಬಿಟ್ಟ. ಇವನು ಮುಖ ನೋಡೋಕೂ ಹೋಗಲಿಲ್ಲ.

ತಿಂಗಳು ಕಳೆದ ಮೇಲೆ ಅಣ್ಣನ ಮನೆಗೆ ಹೋದ. ಅತ್ತಿಗೆ ಮನೇಲಿರಲಿಲ್ಲ, ಬಾಗಿಲಿಗೆ ಬರೀ ಚಿಲಕ. ಗೋಡೆಯ ಮೊಳೆಗೆ ನೇತುಹಾಕಿದ್ದ ಕೀ ಎತ್ತಿಕೊಂಡ, ಗಾಡಿ ಹೊರಗೆ ತಂದ.

ಅರ್ಧ ದಾರಿಗೆ ಗಾಡಿ ನಿಂತಿತು. ಟ್ಯಾಂಕು ಸೋರಿ ಪೆಟ್ರೋಲೆಲ್ಲ ಖಾಲಿ. ರಾತ್ರಿ ಹನ್ನೊಂದರ ಹೊತ್ತು, ತಳ್ಳಿಕೊಂಡೇ ಹೊರಟ. ಹಾಳುಬಾವಿ ಹತ್ತಿರ ಬಂದಾಗ... ಟಪ್. ಎರಡು ಹೆಜ್ಜೆ ಇಟ್ಟ... ಟಪ್. ಗಾಡಿ ಅಲ್ಲಾಡಿಸಿದ. ಟ್ಯಾಂಕಿನಲ್ಲಿ ಕುಲುಕುವ ಸದ್ದೇ ಇಲ್ಲ. ನೆಲ ಮುಟ್ಟಿದ, ಒಣ ಮಣ್ಣು. ಆದರೂ ಮನೆ ಮುಟ್ಟೋವರೆಗೂ... ಟಪ್... ಟಪ್.

ಹೆಂಡತಿ ಬಾಗಿಲು ತೆಗೆದಳು. "ಅಕ್ಕ ಕೊಟ್ಟರಾ ಗಾಡಿ?" ಅತ್ತಿಗೆಯನ್ನು ಅವಳು ಕರೆಯೋದೇ ಹಾಗೆ.

"ನಮ್ಮಪ್ಪನ ಗಾಡಿ. ನೀನು ಮಲ್ಕೋ."

ಬೆಳಿಗ್ಗೆ ಟ್ಯಾಂಕು ಬಿಚ್ಚಿದ. ಸೋಪು ನೀರಲ್ಲಿ ಮೂರು ಸಲ ಕುಲುಕಿ ತೊಳೆದ. ತಳದ ಅಂಚಿನಲ್ಲಿ ಗುಂಡುಸೂಜಿ ಹೋಗುವಷ್ಟು ತೂತು. ಒಳಗೆ ಪೆಟ್ರೋಲಿನ ಆವಿ ಉಳಿಯಬಾರದು ಅಂತ ಭರ್ತಿ ನೀರು ತುಂಬಿ, ಬೋರಲು ಹಾಕಿ, ಬಣ್ಣ ಕೆರೆದು, ಕಾದ ಕಬ್ಬಿಣದಿಂದ ಸೀಸ ಕರಗಿಸಿ ಬೆಸೆದ. ಆರಿದ ಮೇಲೆ ಟ್ಯಾಂಕನ್ನು ಓರೆಯಾಗಿ ನಿಲ್ಲಿಸಿ, ಬೆಸುಗೆ ಮೇಲೆ ಸೀಮೆಸುಣ್ಣ ಉಜ್ಜಿದ. ಸೋರಿದ್ದರೆ ಸುಣ್ಣ ಒದ್ದೆಯಾಗಿ ಕಪ್ಪಾಗಬೇಕು. ಆಗಲಿಲ್ಲ.

ಆಗ ಒಳಗಿನಿಂದ... ಕರ್... ಕರ್... ತಗಡನ್ನು ಉಗುರಲ್ಲಿ ಕೆರೆದ ಹಾಗೆ. ಅವನು ನೋಡ್ತಿದ್ದ ಹಾಗೇ ಬೆಸುಗೆ ಮೊಡವೆಯಂತೆ ಉಬ್ಬಿತು. ಉದುರಿತು. ನೆಲದ ಮೇಲೆ ಟಣ್ ಅಂತು.

ಇನ್ನೊಂದು ಸಲ ಹಾಕಿದ. ಅದೂ ಉದುರಿತು. ಟ್ಯಾಂಕಿಗೆ ಕಿವಿ ಇಟ್ಟ. ಅಣ್ಣನದೇ ದನಿ, ಹಲ್ಲು ಕಚ್ಚಿಕೊಂಡು:

"ಕೀ ಯಾರು ಕೊಟ್ರು ನಿಂಗೆ?"

ಬೇರೆಯವನಾಗಿದ್ದರೆ ಎದ್ದು ಓಡ್ತಿದ್ದ. ಇವನಿಗೆ ಆರು ವರ್ಷದ ಸಿಟ್ಟು. "ಸತ್ತಿದೀಯ, ಸುಮ್ನೆ ಬಿದ್ದಿರು," ಅಂದ. ಅಂದವನೇ ಕಾದ ಕಬ್ಬಿಣವನ್ನು ತೂತಿಗೆ ಒತ್ತಿದ.

ತೂತಿನಿಂದ ಚಿಮ್ಮಿದ್ದು ನೀರಲ್ಲ. ವಾಸನೆ ಮೂಗಿಗೆ ಬಡಿಯೋದರೊಳಗೆ... ಭಗ್ ಅಂತು. ತೋಳಿಗೆ ಬೆಂಕಿ. ಹೆಂಡತಿ ಒದ್ದೆ ಗೋಣಿಚೀಲ ತಂದು ಸುತ್ತಿದಳು. ಬಲಗೈ ಚರ್ಮ ಮೊಣಕೈವರೆಗೂ ಸುಲಿದು ಬಂತು.

ಕೈಗೆ ಪಟ್ಟಿ ಕಟ್ಟಿಸಿಕೊಂಡು ಬಂದು, ಎಡಗೈಯಲ್ಲೇ ಟ್ಯಾಂಕು ಕೂರಿಸಿ, ಕತ್ತಲಾದ ಮೇಲೆ ಹೆಂಡತಿ ಜೊತೆ ಗಾಡಿ ತಳ್ಳಿಕೊಂಡು ಹೋದ. ಅತ್ತಿಗೆ ಅರ್ಧ ಬಾಗಿಲು ತೆಗೆದು ನಿಂತಳು.

"ಗಾಡಿ ತಂದಿದೀನಿ ಅತ್ತಿಗೆ. ಟ್ಯಾಂಕು ಸೋರುತ್ತೆ... ಸರಿ ಮಾಡೋಕೆ ಆಗಲಿಲ್ಲ."

"ಗೊತ್ತು. ನಿನ್ನೆಯಿಂದ ಬೈತಾನೇ ಇದಾರೆ."

ಸುಟ್ಟ ಕೈಯನ್ನ ಅವಳು ನೋಡಿದಳು. ಒಳಗೆ ಕರೆಯಲಿಲ್ಲ. "ಕೀ ಕೊಟ್ಟು ಹೋಗು," ಅಂದಳು. ಬಾಗಿಲು ಹಾಕಿಕೊಂಡಳು.

ಆ ಬಲಗೈ ಬೆರಳು ಇವತ್ತಿಗೂ ಪೂರ್ತಿ ಮಡಚೋಕೆ ಬರಲ್ಲ. ಗ್ಯಾರೇಜು ಹೆಂಡತಿ ನೋಡ್ಕೋತಾಳೆ. ಆ ಗಾಡಿಯನ್ನ ಅತ್ತಿಗೆಯೇ ಓಡಿಸ್ತಾಳೆ, ದಿನಾ ಕೆಲಸಕ್ಕೆ ಅದರಲ್ಲೇ ಹೋಗೋದು. ಟ್ಯಾಂಕಿಗೆ ಯಾರೂ ಕೈ ಹಾಕಿಲ್ಲ.

ಸುಳ್ಳು ಅನ್ನಬೇಡ. ಹೋದ ತಿಂಗಳು ನಾನೇ ಹೋಗಿ, ಬಗ್ಗಿ ನೋಡಿದೀನಿ. ಪೆಟ್ರೋಲು ಬಾಯಿವರೆಗೂ ತುಂಬಿತ್ತು. ತಳದಲ್ಲಿ ತೂತು ಹಾಗೇ ಇತ್ತು. ಗುಂಡುಸೂಜಿ ಹಾಕಿದೆ, ತಲೆವರೆಗೂ ಇಳೀತು. ಹೊರಗೆ ಎಳೆದೆ.

ಸೂಜಿ ಒಣಗೇ ಇತ್ತು.