ಪಂದ್ಯದ ದಿನ ಮಾತಿಲ್ಲ

ಅಮೆರಿಕದ ಡುಲುತ್‌ನ ಐಸ್ ಹಾಕಿ ಅಂಗಣದಲ್ಲಿ ಕಾಫಿಗಾಗಿ ಸಾಲಿನಲ್ಲಿ ನಿಂತಿದ್ದ ಮಾರ್ಲಿಸ್‌ಗೆ ಮುಂದಿದ್ದ ದಂಪತಿಯ ಮಾತು ಕೇಳಿಸಿತು. ಗಂಡ ಕಾಲೇಜು ತಂಡದ ಕೋಚ್ ಆರ್ವಿಡ್, ಹಿಂದೆ ಹೆಸರಾಂತ ಗೋಲ್‌ಕೀಪರ್.

"ನಿನ್ನ ರಿಪೋರ್ಟ್ ಬಗ್ಗೆ ಡಾಕ್ಟರ್ ಫೋನ್ ಮಾಡಿದ್ರಾ, ಎಲ್ನಾ?"

"ನಿನ್ನೆ ಬೆಳಿಗ್ಗೆನೇ ಮಾಡಿದ್ರು."

"ಮತ್ತೆ ಹೇಳ್ಲೇ ಇಲ್ವಲ್ಲೇ!"

"ನಿನ್ನೆ ಪಂದ್ಯ ಇತ್ತಲ್ಲ. ಪಂದ್ಯದ ದಿನ ಗೋಲ್‌ಕೀಪರನ್ನ ಯಾರೂ ಮಾತಾಡಿಸಬಾರದು ಅಂತ ಮದುವೆಯಾದ ಹೊಸದರಲ್ಲಿ ನೀನೇ ಹೇಳಿಕೊಟ್ಟಿದ್ದು."

"ಅಯ್ಯೋ ಹುಚ್ಚಿ, ನಾನು ಆಡೋದು ಬಿಟ್ಟು ಎಷ್ಟು ಕಾಲ ಆಯ್ತು! ಈಗ ಬರೀ ಕೋಚು."

"ಕೋಚ್ ಆದ್ಮೇಲೆ ಮಾತ್ರ ಎಲ್ಲಿ ಮಾತಾಡಿದೀಯ?"

ಆರ್ವಿಡ್ ಅವಳ ಕಡೆ ತಿರುಗಿದ.

"ಏನಂದ್ರು?"

"ಗಡ್ಡೆ ಲಿವರ್‌ಗೂ ಹಬ್ಬಿದೆಯಂತೆ."

ಅವನು ಸಾಲು ಬಿಟ್ಟು, ಅವಳ ಕೋಟಿನ ತೋಳು ಹಿಡಿದುಕೊಂಡು ಹೊರಬಾಗಿಲ ಕಡೆ ನಡೆದ.

"ಆರ್ವಿಡ್, ತಂಡ ಪ್ರಾಕ್ಟೀಸ್‌ಗೆ ಆ ಕಡೆ ಕಾಯ್ತಿದೆ," ಎನ್ನುತ್ತ ಎಲ್ನಾ ಹಿಂದೆಯೇ ಹೋದಳು.